ಸನಾದಿ ನಿಂತ ಬೀದಿ

ಇಂಗ್ಲೆಂಡಿಗೆ ಹೋಗಿ ಬಂದವರು ರಾಣಿಯ ಅರಮನೆ, ದೊಡ್ಡ ಗಡಿಯಾರ, ಥೇಮ್ಸ್ ನದಿ ಅಂತ ಬರೆಯುತ್ತಾರೆ. ನಾನು ಅವುಗಳಲ್ಲಿ ಒಂದನ್ನೂ ನೋಡಲಿಲ್ಲ. ನಾನು ನೋಡಿದ್ದು ಮುಚ್ಚಿಹೋದ ಒಂದು ಹತ್ತಿ ಮಿಲ್ಲು, ಅದರ ಹಿಂದಿನ ಒಂದು ಬೀದಿ, ಆ ಬೀದಿಯ ಒಂದು ಮನೆ. ನಮ್ಮೂರು ದೇವಿಕೊಪ್ಪದ ಜನ ಇಂದಿಗೂ "ವಿಲಾಯತಿ ಹೆಂಗಿತ್ರಿ ಮಾಸ್ತರ?" ಎಂದು ಕೇಳುತ್ತಾರೆ. ಎದುರಿಗೆ ನನ್ನ ಜೊತೆ ಬಂದಿದ್ದ ಮೈಲಾರಪ್ಪ ಇದ್ದರೆ ಮಾತು ಬದಲಿಸುತ್ತೇನೆ. ಅವನಿಲ್ಲದಾಗ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಲಂಡನ್ ವಿಮಾನ ನಿಲ್ದಾಣ

ನಮ್ಮದು ಕರಡಿ ಮೇಳ. ಕರಡಿ ಅಂದರೆ ಅಡವಿಯ ಪ್ರಾಣಿಯಲ್ಲ, ಹೊಟ್ಟೆಯ ಮೇಲೆ ಕಟ್ಟಿಕೊಂಡು ಬಾರಿಸುವ ಚರ್ಮವಾದ್ಯ. ನಮ್ಮ ಕಲಘಟಗಿ ಕಡೆ ಮದುವೆಯಿರಲಿ, ಊರ ದೇವರ ಮೆರವಣಿಗೆಯಿರಲಿ, ಹಿರಿಯರ ಶವಯಾತ್ರೆಯಿರಲಿ, ಮುಂದೆ ಕರಡಿ ಇರಬೇಕು. ನಮ್ಮ ಮೇಳದ ಹಿರಿಯ ದೇವಿಕೊಪ್ಪದ ಫಕ್ಕೀರಪ್ಪ. ಹೊಲ ಮಾಡಿಕೊಂಡಿರುವ ಮನುಷ್ಯ, ಮಾತು ಕಡಿಮೆ. ಅವನ ಜೋಡಿ ಬಾರಿಸುವವರು ಅವನ ತಮ್ಮಂದಿರಿಬ್ಬರು. ಸನಾದಿ ಊದುವವನು ಪಕ್ಕದ ತಂಬೂರು ಎಂಬ ಊರಿನ ಮೈಲಾರಪ್ಪ. ಕುರಿ ಕಾಯುವ ಮನೆತನ. ಸನಾದಿಯನ್ನು ಮದುವೆ ಮನೆಯ ಶಹನಾಯಿ ಅಂತ ತಿಳಿದುಕೊಂಡರೆ ಸಾಕು, ಆದರೆ ಮೈಲಾರಪ್ಪನದು ಬಯಲಿನ ದನಿ, ಅದಕ್ಕೆ ಛಾವಣಿ ಸಾಲುತ್ತಿರಲಿಲ್ಲ. ನಾನು ದೇವಿಕೊಪ್ಪದ ಪ್ರಾಥಮಿಕ ಶಾಲೆಯ ಮಾಸ್ತರ, ತಾಳ ಹಾಕುತ್ತೇನೆ. ನನ್ನ ತಾಳಕ್ಕಿಂತ ನನ್ನ ಇಂಗ್ಲೀಷಿನ ಗರಜು ಜಾಸ್ತಿ ಇದ್ದುದರಿಂದ ನನ್ನನ್ನೂ ಕರೆದುಕೊಂಡಿದ್ದರು.

ನಮ್ಮನ್ನು ಕರೆಸಿದವಳು ಆನಾ. ಹಳ್ಳಿಯ ವಾದ್ಯಗಳ ಅಭ್ಯಾಸಕ್ಕೆಂದು ಇಂಗ್ಲೆಂಡಿನಿಂದ ಧಾರವಾಡಕ್ಕೆ ಬಂದು, ಒಂದು ಬ್ಯಾಸಗಿಯೆಲ್ಲ ನಮ್ಮೂರಲ್ಲಿ ಕೂತು ರೊಟ್ಟಿ ತಿಂದು ಹೋದ ಹುಡುಗಿ. ಆಕೆಗೆ ಈಗ ತನ್ನ ದೇಶದ ಉತ್ತರ ಭಾಗದ ಒಂದು ಊರಲ್ಲಿ ಕೆಲಸ ಸಿಕ್ಕಿತ್ತು. ಮುಚ್ಚಿದ ಹತ್ತಿ ಮಿಲ್ಲನ್ನು ಆ ಊರಿನವರು ಕಲಾ ಕೇಂದ್ರ ಮಾಡುತ್ತಿದ್ದರು. ಅದರ ಉದ್ಘಾಟನೆಯ ಮೆರವಣಿಗೆಗೆ ನಾವು ಬೇಕಿತ್ತು.

ವಿಮಾನ ಇಳಿದದ್ದೇ ತಡ, ಸುಂಕದ ಅಧಿಕಾರಿ ಕರಡಿಯನ್ನು ಹಿಡಿದುಕೊಂಡ. ತಿರುಗಿಸಿ ನೋಡಿದ, ಮೂಸಿ ನೋಡಿದ. ಒಳಗೆ ಏನಿದೆ ಎಂದ. ಏನೂ ಇಲ್ಲ ಎಂದೆ. ಹಾಗಾದರೆ ಕೊಯ್ದು ನೋಡೋಣ ಎಂದು ಚಾಕು ತರಿಸಿದ. ಫಕ್ಕೀರಪ್ಪನಿಗೆ ಮಾತು ತಿಳಿಯಲಿಲ್ಲ, ಚಾಕು ತಿಳಿಯಿತು. ಸುಮ್ಮನೆ ಮುಂದೆ ಹೋಗಿ, ಅಧಿಕಾರಿಯ ಕೈಯಿಂದ ಕರಡಿ ಇಸಕೊಂಡು, ಹೆಗಲಿಗೆ ಹಾಕಿ ಬಾರಿಸಿಯೇಬಿಟ್ಟ. ಸಾಲಿನಲ್ಲಿ ನಿಂತ ಜನ ಬೆಚ್ಚಿ ಹಿಂದೆ ಸರಿದರು. ಒಂದು ಕೂಸು ಅಳತೊಡಗಿತು. ಅಧಿಕಾರಿ ಸ್ವಲ್ಪ ಹೊತ್ತು ಕೇಳಿ, ಆಯಿತು ಹೋಗಿ ಎನ್ನುವಂತೆ ಕೈ ಬೀಸಿದ.

"ಏನಂದ್ರಿ ಮಾಸ್ತರ ಅಂವ?" ಎಂದು ಫಕ್ಕೀರಪ್ಪ ಕೇಳಿದ.

"ಒಳಗ ಏನೂ ಇಲ್ಲ ಅಂತ ಖಾತ್ರಿ ಆತಂತ."

"ಮೊದಲ ನನ್ನ ಕೇಳಿದ್ರ ಹೇಳತಿದ್ನೆಲ್ಲ" ಎಂದ.

ನಗು ಬಂದ ಕೊನೆಯ ಪ್ರಸಂಗ ಹೆಚ್ಚೂ ಕಡಿಮೆ ಅದೇ.

ಮಿಲ್ಲಿನ ಊರು

ಊರಿನ ಹೆಸರು ಬರೆಯುವುದಿಲ್ಲ. ನಾವು ಹೋದಾಗ ಆ ದೇಶದ ಕಲ್ಲಿದ್ದಲು ಗಣಿಯವರ ದೊಡ್ಡ ಮುಷ್ಕರ ಸೋತು ಒಂದು ವರ್ಷವಾಗಿತ್ತು. ಜನರ ಮುಖದಲ್ಲಿ ಆ ಸೋಲು ಇನ್ನೂ ಇತ್ತು, ಗಣಿಯಿಲ್ಲದ ಆ ಊರಿನಲ್ಲಿಯೂ. ಮಳೆ ಅಂದರೆ ನಮ್ಮ ಕಡೆ ಬಂದು ಹೊಡೆದು ಹೋಗುತ್ತದೆ. ಅಲ್ಲಿಯದು ಬರುವುದೂ ಇಲ್ಲ, ಹೋಗುವುದೂ ಇಲ್ಲ, ಸುಮ್ಮನೆ ಗಾಳಿಯಲ್ಲಿ ನಿಂತಿರುತ್ತದೆ. ಅಂಗಡಿಗಳ ಕಿಟಕಿಗಳಿಗೆ ಹಲಗೆ ಬಡಿದಿದ್ದರು. ಗಟ್ಟಿಮುಟ್ಟಾದ ಗಂಡಸರು ಹಾಡಹಗಲೇ ಕಿಸೆಯಲ್ಲಿ ಕೈಯಿಟ್ಟುಕೊಂಡು ಗೋಡೆಗೆ ಆತು ನಿಂತಿದ್ದರು. ನಮ್ಮ ಊರಲ್ಲಿ ಕೆಲಸವಿಲ್ಲದವರು ಕಟ್ಟೆಯ ಮೇಲೆ ಕೂತು ಜಗಳವನ್ನಾದರೂ ಆಡುತ್ತಾರೆ. ಅಲ್ಲಿ ಒಬ್ಬರಿಗೊಬ್ಬರು ಮಾತೇ ಇಲ್ಲ.

"ಯಾರರ ಸತ್ತಾರೇನ್ರಿ ಇಲ್ಲೆ?" ಎಂದು ಮೈಲಾರಪ್ಪ ಮೆಲ್ಲಗೆ ಕೇಳಿದ.

ಮಿಲ್ಲು ಐದು ಅಂತಸ್ತಿನದು, ಕೆಂಪು ಇಟ್ಟಂಗಿಯದು, ಹೊಗೆಯಿಂದ ಕಪ್ಪಾದದ್ದು. ನನ್ನ ಅಜ್ಜ ಅಣ್ಣಿಗೇರಿಯ ಹತ್ತಿ ಜಿನ್ನಿಂಗ್ ಕಾರಖಾನೆಯಲ್ಲಿ ಕಾರಕೂನನಾಗಿದ್ದ. ರೈಲಿಗೆ ಹೇರಿದ ಹತ್ತಿ ಅಂಡಗಿಗಳು, ಆ ದೊಡ್ಡ ಮೂಟೆಗಳೆಲ್ಲ, ಹಡಗು ಹತ್ತಿ ವಿಲಾಯತಿಗೆ ಹೋಗುತ್ತವೆ ಎಂದು ಹೇಳುತ್ತಿದ್ದ. ವಿಲಾಯತಿಯಲ್ಲಿ ಎಲ್ಲಿಗೆ ಅನ್ನುವುದು ಅವನಿಗೂ ಗೊತ್ತಿರಲಿಲ್ಲ, ನಮಗೂ. ಇಂಥಲ್ಲಿಗೇ ಬಂದಿರಬೇಕು ಅಂತ ಆ ಗೋಡೆ ಮುಟ್ಟಿ ನೋಡಿದೆ. ಕೈಗೆ ಮಸಿ ಹತ್ತಿತು.

ಒಳಗೆ ಮಗ್ಗಗಳಿರಲಿಲ್ಲ. ಅವುಗಳನ್ನು ಕಿತ್ತ ಕಡೆ ನೆಲದಲ್ಲಿ ಬೋಲ್ಟುಗಳ ತೂತುಗಳಿದ್ದವು, ಎಣ್ಣೆ ಕುಡಿದ ಹಲಗೆಯ ನೆಲ ಕಪ್ಪಗೆ ಹೊಳೆಯುತ್ತಿತ್ತು. ಊರಿನ ಕೌನ್ಸಿಲ್ಲಿನ ಮುಖಂಡರು ನಮ್ಮನ್ನು ಸುತ್ತಾಡಿಸಿದರು. ತುಂಬಿದ ಮೈಯ, ನಯವಾದ ಮಾತಿನ ಮನುಷ್ಯ. ಇಲ್ಲಿ ರಂಗಮಂಚ, ಇಲ್ಲಿ ಚಿತ್ರಶಾಲೆ, ಇಲ್ಲಿ ಚಹಾದಂಗಡಿ ಎಂದು ತೋರಿಸಿದರು. ಬಟ್ಟೆ ನೇಯ್ದು ಬದುಕಿದ ಊರು ಇನ್ನು ಮುಂದೆ ಹಾಡು, ನಾಟಕ, ಚಿತ್ರಗಳಿಂದ ಎದ್ದು ನಿಲ್ಲುತ್ತದೆ, ದೂರದೂರದಿಂದ ಜನ ಬರುತ್ತಾರೆ, ಹಿಂದೆಯೇ ಅಂಗಡಿಗಳು ಬರುತ್ತವೆ, ಕೆಲಸಗಳು ಬರುತ್ತವೆ ಎಂದರು. ಮನಸ್ಸಿನಿಂದಲೇ ಹೇಳಿದರು ಅನಿಸಿತು. ನಾನು ಎಲ್ಲವನ್ನೂ ಕನ್ನಡಕ್ಕೆ ತಿರುಗಿಸಿ ಹೇಳಿದೆ.

ಮೈಲಾರಪ್ಪ ತಲೆ ತುರಿಸಿಕೊಂಡ. "ಮೀಸಿ ಬರೂಕಿಂತ ಮೊದಲಿಂದ ಸನಾದಿ ಊದಾಕ ಹತ್ತೀನ್ರಿ. ಕುರಿ ಇರದಿದ್ರ ನನ್ನ ಹೊಟ್ಟಿನ ತುಂಬತಿದ್ದಿಲ್ಲ. ಇದರಿಂದ ಇಡೀ ಊರು ಹೆಂಗ ಬದುಕತೈತಿ, ಸ್ವಲ್ಪ ಕೇಳ್ರಿ ಅವರನ್ನ."

ನಿಮಗೆ ಒಳ್ಳೆಯದಾಗಲಿ ಅನ್ನುತ್ತಾನೆ ಎಂದು ಇಂಗ್ಲೀಷಿನಲ್ಲಿ ಹೇಳಿದೆ. ಮುಖಂಡರು ಅವನ ಕೈ ಕುಲುಕಿದರು.

ಡೋರಿಸ್‌ಳ ಮನೆ

ಮೊದಲು ನಮ್ಮನ್ನು ಇಳಿಸಿದ್ದು ವಿದ್ಯಾರ್ಥಿಗಳ ವಸತಿಗೃಹದಲ್ಲಿ. ಆ ಹಸಿ ಹವೆಗೆ ಕರಡಿಯ ಚರ್ಮ ಸಡಿಲಾಗಿ ದನಿಯೇ ಹೊರಡದಾಯಿತು. ಊರಲ್ಲಾದರೆ ಕಸಕಡ್ಡಿ ಕೂಡಿಸಿ ಬೆಂಕಿ ಕಾಯಿಸುತ್ತೇವೆ. ಫಕ್ಕೀರಪ್ಪನ ತಮ್ಮಂದಿರು ಸ್ನಾನದ ಮನೆಯಲ್ಲಿ ಹಳೆಯ ಪೇಪರು ಕೂಡಿಸಿ ಹೊತ್ತಿಸಿದರು. ಇಡೀ ಕಟ್ಟಡದ ಗಂಟೆಗಳು ಬಡಕೊಂಡವು. ಹುಡುಗ ಹುಡುಗಿಯರೆಲ್ಲ ಮಳೆಯಲ್ಲಿ ಬಂದು ನಿಂತರು, ಬೆಂಕಿ ಆರಿಸುವ ಗಾಡಿಯೂ ಬಂತು. ಯಾರೂ ಬೈಯಲಿಲ್ಲ. ಬಹಳ ಸಭ್ಯತೆಯಿಂದ ಬೇರೆ ಜಾಗ ನೋಡಿಕೊಳ್ಳಿ ಅಂದರು.

ಆನಾ ನಮ್ಮನ್ನು ಮಿಲ್ಲಿನ ಹಿಂದಿನ ಬೀದಿಗೆ ಕರೆದುಕೊಂಡು ಹೋದಳು. ಒಂದಕ್ಕೊಂದು ಅಂಟಿದ ಸಾಲುಮನೆಗಳು. ಅರ್ಧಕ್ಕೆ ಜನ ಇದ್ದರು, ಅರ್ಧಕ್ಕೆ ಹಲಗೆ ಬಡಿದಿತ್ತು. ನಾವು ಇಳಿದುಕೊಂಡದ್ದು ಡೋರಿಸ್ ಎಂಬ ವಿಧವೆಯ ಮನೆಯಲ್ಲಿ. ಹುಡುಗಿಯಾಗಿದ್ದಾಗಿನಿಂದ ಮಿಲ್ಲು ಮುಚ್ಚುವವರೆಗೆ ಅದರಲ್ಲಿ ಮಗ್ಗ ನಡೆಸಿದವಳು. ಮಗ್ಗಗಳ ಸಪ್ಪಳದಲ್ಲಿ ಆಕೆಯ ಕಿವಿ ಹೋಗಿದ್ದವು. ಅಲ್ಲಿಯ ನೇಕಾರ ಹೆಂಗಸರೆಲ್ಲ ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಆದರೆ ನನ್ನ ತುಟಿಯ ಇಂಗ್ಲೀಷು ಆಕೆಗೆ ತಿಳಿಯುತ್ತಿರಲಿಲ್ಲ. ನಾನು ಹೇಳಿದ್ದನ್ನು ಮಗ ಕೆವಿನ್ ಮತ್ತೊಮ್ಮೆ ಹೇಳಬೇಕು, ಆಗ ಆಕೆ ಅವನ ಬಾಯಿ ನೋಡಿ ನನಗೆ ಉತ್ತರ ಕೊಡುತ್ತಿದ್ದಳು.

ಮೈಲಾರಪ್ಪನಿಗೆ ಮಾತ್ರ ಆ ತ್ರಾಸು ಇರಲಿಲ್ಲ. ಅವನು ಕನ್ನಡದಲ್ಲೇ ಮಾತಾಡುತ್ತಿದ್ದ. "ಯವ್ವಾ, ಚಾಕ್ಕ ಇನ್ನಷ್ಟು ಸಕ್ಕರಿ ಹಾಕು" ಅಂದರೆ ಆಕೆ ಸಕ್ಕರೆ ಡಬ್ಬಿಯನ್ನೇ ಮುಂದಿಡುತ್ತಿದ್ದಳು. ಹೇಗೆ ತಿಳಿಯುತ್ತಿತ್ತೋ. ಕರಡಿ ಕಾಯಿಸಲು ತನ್ನ ಅಡುಗೆಮನೆಯ ಒಲೆ ಬಿಟ್ಟುಕೊಟ್ಟಳು. ಫಕ್ಕೀರಪ್ಪ ಬಾರಿಸುವಾಗ ವಾದ್ಯದ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಸನಾದಿ ಆಕೆಯನ್ನು ಮುಟ್ಟುತ್ತಿರಲಿಲ್ಲ. ಅದಕ್ಕೆ ಮೈಲಾರಪ್ಪನ ಉಬ್ಬಿದ ಗಲ್ಲವನ್ನು ನೋಡಿ ನಗುತ್ತಿದ್ದಳು.

ಕೆವಿನ್ ಇಪ್ಪತ್ತು ದಾಟಿದ ಹುಡುಗ. ಮಿಲ್ಲಿನಲ್ಲಿ ಫಿಟರ್ ಕೆಲಸ ಕಲಿಯುತ್ತಿದ್ದಾಗ ಮಿಲ್ಲು ಮುಚ್ಚಿತು. ಕಲಿತದ್ದು ಅರ್ಧಕ್ಕೇ ನಿಂತಿತ್ತು. ನಮ್ಮ ಸಾಮಾನು ಹೊತ್ತು ತಂದವನು ಅವನೇ. ಮೂರನೆಯ ದಿನ ಚಹಾ ಕುಡಿಯುತ್ತ ಕೂತಾಗ ಅವನು, "ಈ ಮನೆ ಹೇಗಿದೆ?" ಎಂದು ಕೇಳಿದ. ಬೆಚ್ಚಗಿದೆ ಎಂದೆ.

"ಚಳಿಗಾಲ ಮುಗಿದ ಮೇಲೆ ಇರುವುದಿಲ್ಲ" ಎಂದ. "ಈ ಬೀದಿಯನ್ನೆಲ್ಲ ಕೆಡವುತ್ತಾರೆ. ಕಲಾ ಕೇಂದ್ರಕ್ಕೆ ಬರುವವರ ಕಾರು ನಿಲ್ಲಿಸಬೇಕಲ್ಲ. ನಮಗೆ ಊರ ಹೊರಗಿನ ಗೋಪುರದಂಥ ಕಟ್ಟಡದಲ್ಲಿ ಜಾಗ ಕೊಟ್ಟಿದ್ದಾರೆ. ಮೇಲಿನ ಅಂತಸ್ತು. ಅಮ್ಮನಿಗೆ ಲಿಫ್ಟು ಅಂದರೆ ಹೆದರಿಕೆ."

ನಾವು ಅದೇ ಕೇಂದ್ರದ ಮೆರವಣಿಗೆಗೆ ಬಂದವರು ಎಂದು ನಾನು ತಡವರಿಸಿದೆ.

"ಗೊತ್ತು" ಎಂದ ಕೆವಿನ್. "ಮೆರವಣಿಗೆ ಈ ಬೀದಿಯಲ್ಲೇ ಬರುತ್ತದೆ. ಫೋಟೋದಲ್ಲಿ ಹಿಂದೆ ಮಿಲ್ಲಿನ ಹೊಗೆ ಚಿಮಣಿ ಚೆನ್ನಾಗಿ ಕಾಣುತ್ತದಂತೆ."

ಆನಾಳನ್ನು ಕೇಳಿದೆ. ಆಕೆಯ ಮುಖ ಬಾಡಿತು. "ಖರೇ ಐತ್ರಿ ಮಾಸ್ತರ" ಎಂದಳು, ತಾನು ಕಲಿತ ಧಾರವಾಡ ಕನ್ನಡದಲ್ಲಿ. "ನಂಗ ಮೊದಲ ಗೊತ್ತಿದ್ದಿಲ್ಲ. ಕೇಂದ್ರ ಆಗದಿದ್ರ ಮಿಲ್ಲನೂ ಕೆಡವತಿದ್ರು. ಒಂದು ಉಳೀಬೇಕಂದ್ರ ಒಂದು ಹೋಗಬೇಕು ಅಂತಾರ." 

ಮೆರವಣಿಗೆಯ ಹಿಂದಿನ ದಿನ

ಅಡುಗೆಮನೆಯಲ್ಲಿ ಕೂತು ನಾವು ಮಾತಾಡಿದೆವು. ಬಾರಿಸುವುದು ಬೇಡ ಅಂದ ಫಕ್ಕೀರಪ್ಪನ ತಮ್ಮಂದಿರಲ್ಲಿ ಒಬ್ಬ. ಇಷ್ಟು ದೂರ ಕರೆಸಿದವರ ಮಾತು ಮುರಿಯುವುದು ಹೇಗೆ ಎಂದೆ ನಾನು. ಮೈಲಾರಪ್ಪ ತುಟಿಯಲ್ಲಿ ಹಿಡಿದು ಊದುವ ಸನಾದಿಯ ಓಲೆಯನ್ನು ನೀರಲ್ಲಿ ನೆನೆಸುತ್ತ ಕೂತಿದ್ದ.

"ಸೂತಕದ ಮನಿ ಬಂದ್ರ ಊರಾಗ ಏನ ಮಾಡತೀವಿ?" ಎಂದು ಫಕ್ಕೀರಪ್ಪ ಕೇಳಿದ.

ನಮ್ಮ ಕಡೆ ಮದುವೆಯ ಇಲ್ಲವೆ ದೇವರ ಮೆರವಣಿಗೆ ಹೊರಟಾಗ ದಾರಿಯಲ್ಲಿ ಸಾವಾದ ಮನೆ ಬಂದರೆ ವಾದ್ಯ ನಿಲ್ಲಿಸುತ್ತೇವೆ. ಸುಮ್ಮನೆ ತಲೆ ತಗ್ಗಿಸಿ ನಡೆದು, ಮನೆ ದಾಟಿದ ಮೇಲೆ ಮತ್ತೆ ಹಿಡಿಯುತ್ತೇವೆ.

"ಹಂಗ ಮಾಡೂಣು" ಎಂದ ಫಕ್ಕೀರಪ್ಪ. "ಈ ಓಣಿ ಬಂತಂದ್ರ ನಿಲ್ಲಸೂಣು. ಓಣಿ ದಾಟಿಂದ ಬಾರಸೂಣು. ಕರೆದವರಿಗೂ ಆತು, ಈ ಯವ್ವಗೂ ಆತು."

ಎಲ್ಲರಿಗೂ ಒಪ್ಪಿಗೆಯಾಯಿತು. ಕೆವಿನ್ನನಿಗೆ ಹೇಳಬೇಕೆಂದು ಹುಡುಕಿದೆ. ಅವನು ಮನೆಯಲ್ಲಿರಲಿಲ್ಲ. ಡೋರಿಸ್‌ಗೆ ಹೇಳಹೋದೆ. ನನ್ನ ತುಟಿಯನ್ನೇ ನೋಡಿ ನೋಡಿ, ತಿಳಿಯದೆ, ಇನ್ನಷ್ಟು ಚಹಾ ಬೇಕೇನೋ ಎಂದುಕೊಂಡು ನೀರು ಕಾಯಲಿಟ್ಟಳು.

ಮೆರವಣಿಗೆ

ಮಾರನೆಯ ದಿನ ಮಳೆ ಬಿಟ್ಟಿತ್ತು. ಸ್ಟೇಶನ್ನಿನಿಂದ ಹೊರಟೆವು. ಮುಂದೆ ನಾವು, ಬಾಜೂಕ ಮುಖಂಡರು, ಹಿಂದೆ ಬಣ್ಣದ ಕಾಗದದ ಬಾವುಟ ಹಿಡಿದ ಶಾಲೆಯ ಮಕ್ಕಳು. ದೊಡ್ಡ ರಸ್ತೆಯಲ್ಲಿ ಜನ ನಿಂತು ನೋಡಿದರು. ಕೆಲವರು ಕುಣಿದರು ಕೂಡ. ಮೈಲಾರಪ್ಪ ಆ ದಿನ ಊದಿದ್ದು ಹಾಗೇ ಕಿವಿಯಲ್ಲಿದೆ. ಎರಡೂ ಬದಿಯ ಎತ್ತರದ ಗೋಡೆಗಳಿಗೆ ಬಡಿದು ಆ ದನಿ ಇಮ್ಮಡಿಯಾಗಿ ಬರುತ್ತಿತ್ತು. ಛಾವಣಿ ಇಲ್ಲದ ಜಾಗ ಅವನಿಗೆ ಅಲ್ಲಿಯೂ ಸಿಕ್ಕಿತ್ತು.

ಸಾಲುಮನೆಗಳ ಬೀದಿ ಬಂತು. ಫಕ್ಕೀರಪ್ಪ ಕೈ ಎತ್ತಿದ. ಕರಡಿ ನಿಂತಿತು, ತಾಳ ನಿಂತಿತು, ಸನಾದಿ ನಿಂತಿತು.

ಮುಖಂಡರು ನನ್ನ ಕಡೆ ಬಾಗಿ, "ಏನಾಯಿತು? ಬಾರಿಸಲು ಹೇಳಿ, ಫೋಟೋದವರು ಇಲ್ಲೇ ಇದ್ದಾರೆ" ಎಂದರು. ನಾನು ಕಾರಣ ಹೇಳತೊಡಗಿದೆ. ಆ ಮನೆಗಳ ಮುಂದೆ ಹತ್ತಿಪ್ಪತ್ತು ಜನ ನಮಗೆ ಬೆನ್ನು ತಿರುಗಿಸಿ, ತಮ್ಮ ಬಾಗಿಲುಗಳಿಗೆ ಮುಖ ಮಾಡಿ ನಿಂತಿದ್ದರು. ಡೋರಿಸ್ ಮಾತ್ರ ತಿರುಗಿ ನಮ್ಮನ್ನೇ ನೋಡುತ್ತಿದ್ದಳು. ಬೀದಿಯ ತುದಿಯಲ್ಲಿ ನಾಲ್ಕಾರು ಹುಡುಗರು, ಕುಡಿದಿದ್ದರು. ಅವರ ನಡುವೆ ಕೆವಿನ್. ಆ ನಿಶ್ಶಬ್ದದಲ್ಲಿ ಅವರ ಬೈಗುಳ ಸ್ಪಷ್ಟವಾಗಿ ಕೇಳಿಸಿತು. ಕೌನ್ಸಿಲ್ಲಿನವರಿಗೆ ಒಂದಷ್ಟು, ನಮ್ಮ ಮೈಬಣ್ಣಕ್ಕೆ ಒಂದಷ್ಟು. ನಾವು ಯಾಕೆ ನಿಂತೆವು ಅಂತ ಅವರಿಗೇನು ಗೊತ್ತು. ಹೆದರಿ ನಿಂತೆವು ಅಂದುಕೊಂಡರೋ ಏನೋ.

ಕೆವಿನ್ ಕೈ ಬೀಸಿದ್ದನ್ನು ನಾನು ಕಂಡೆ. ಬಂದದ್ದು ಅರ್ಧ ಇಟ್ಟಂಗಿ. ಮುಖಂಡರು ತಲೆ ತಗ್ಗಿಸಿದರು. ಅವರ ಹಿಂದೆ ಮೈಲಾರಪ್ಪ ಇದ್ದ.

ಅವನು ಕೂಗಲಿಲ್ಲ. ನೆಲಕ್ಕೆ ಕೂತು, ಅಂಗೈಯನ್ನು ಬಾಯಿಗೆ ಹಿಡಿದ. ಬೆರಳುಗಳ ನಡುವಿನಿಂದ ರಕ್ತ ಸನಾದಿಯ ಮೇಲೆ ಸುರಿಯಿತು. ಡೋರಿಸ್ ಓಡಿ ಬಂದು ತನ್ನ ಏಪ್ರನ್ನಿನ ಬಟ್ಟೆಯಿಂದ ಒತ್ತಿ ಹಿಡಿದಳು. ಮುಂದಿನ ಹಲ್ಲುಗಳು ಆ ಬಟ್ಟೆಯಲ್ಲೇ ಬಂದವು.

ಆಸ್ಪತ್ರೆ

ತುಟಿಗೆ ಹೊಲಿಗೆ ಹಾಕಿದರು. ಡಾಕ್ಟರು ಒಳ್ಳೆಯವರು, ಹುಷಾರಾಗಿ ಮಾಡಿದರು. ನಾನು ಹೊರಗಿನ ಬೆಂಚಿನ ಮೇಲೆ ಸನಾದಿ ತೊಳೆದು ಹಿಡಿದುಕೊಂಡು ಕೂತೆ. ಅತ್ತ ಮಿಲ್ಲಿನಲ್ಲಿ ಸಮಾರಂಭ ನಿಲ್ಲಲಿಲ್ಲ. ಸಭಾಗೃಹ ತುಂಬಿದೆ, ಇಷ್ಟು ಜನರನ್ನು ಹಿಂದೆ ಕಳಿಸುವುದು ಹೇಗೆ ಎಂದು ಕೇಂದ್ರದವರು ಕೇಳಿಕೊಂಡರಂತೆ. ಫಕ್ಕೀರಪ್ಪ ಅಣ್ಣತಮ್ಮಂದಿರು ಸನಾದಿಯಿಲ್ಲದೆ ಬಾರಿಸಿದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು ಎಂದು ಆಮೇಲೆ ಆನಾ ಹೇಳಿದಳು. 

ಮರುದಿನ ಪೊಲೀಸ್ ಅಧಿಕಾರಿ ಬಂದ. ಜೊತೆಗೆ ಮುಖಂಡರೂ ಹೂವು ಹಿಡಿದು ಬಂದರು. ಅವರಿಗೆ ನಿಜವಾಗಿಯೂ ಕೆಟ್ಟದೆನಿಸಿತ್ತು. ಆದರೂ ನನ್ನನ್ನು ಬದಿಗೆ ಕರೆದು, "ಇಂಥ ಬೀದಿ ಉಳಿಯಬೇಕು ಎಂದು ಇನ್ನು ಯಾರು ಹೇಳುತ್ತಾರೆ, ನೋಡಿ. ಇದಕ್ಕಾಗಿಯೇ ಇವರಿಗೆ ಕಲೆ ಬೇಕು" ಎಂದರು.

ಅಧಿಕಾರಿ, ಎಸೆದವರು ಯಾರು ಎಂದು ಕೇಳಿದ. ನಾನು ಕನ್ನಡದಲ್ಲಿ ಕೇಳುವ ಮೊದಲೇ ಫಕ್ಕೀರಪ್ಪ ಬಾಯಿ ಹಾಕಿದ. "ಕಾಣಲಿಲ್ಲ ಅಂತ ಹೇಳ್ರಿ ಮಾಸ್ತರ. ಆ ಯವ್ವನ ಮನಿ ಅನ್ನ ಉಂಡೀವಿ."

ಮೈಲಾರಪ್ಪ ಹಾಸಿಗೆಯಲ್ಲಿ ಎದ್ದು ಕೂತ. ಹೊಲಿಗೆ ಹಾಕಿದ ತುಟಿಯಿಂದ ಮಾತು ಸೋರುತ್ತ ಬಂತು. "ಉಂಡ ಬಾಯಿನ ಹೋಗೇತೆಲ್ಲೋ ಫಕ್ಕೀರಣ್ಣ."

"ಹುಡುಗ ನಿನಗ ಹೊಡಿಲಿಲ್ಲಲೇ. ಆ ಸಾಹೇಬಗ ಗುರಿ ಇಟ್ಟಿದ್ದ."

"ಗುರಿ ಯಾರಿಗರ ಇರ್ಲಿ. ಬಿದ್ದದ್ದು ನನಗ." ಸ್ವಲ್ಪ ಹೊತ್ತು ಉಸಿರು ತಗೊಂಡ. "ನಾ ಯಾರ ಮನಿ ಕೆಡವಾಕ ಬಂದಿದ್ನಿ? ಆ ಓಣ್ಯಾಗ ಮರ್ಯಾದಿ ಕೊಟ್ಟು ಬಾಯಿಂದ ಸನಾದಿ ತಗದೆ. ತಗದ ಬಾಯಿಗೆ ಬಂದು ಬಡೀತು. ಮಾಸ್ತರ, ಹುಡುಗನ ಹೆಸರು ಹೇಳ್ರಿ. ನಾ ಹೇಳಿದ್ರ ಅವರಿಗೆ ತಿಳಿಯೂದಿಲ್ಲ."

ನಾನು ಹೇಳಿದೆ. ನೀನೂ ಕಂಡೆಯಾ ಎಂದು ಅಧಿಕಾರಿ ಕೇಳಿದ. ಕಂಡೆ ಎಂದೆ. ಫಕ್ಕೀರಪ್ಪ ಎದ್ದು ಹೊರಗೆ ಹೋದ.

ಡೋರಿಸ್‌ಳ ಮನೆ, ಮತ್ತೆ

ಆ ಮನೆಗೆ ಮತ್ತೆ ಹೋಗಬೇಕಾಗಿತ್ತು. ನಮ್ಮ ಸಾಮಾನು ಅಲ್ಲಿಯೇ ಇತ್ತು, ಬೇರೆ ಜಾಗವೂ ಇರಲಿಲ್ಲ. ಬಾಗಿಲು ತಟ್ಟಲು ನನಗೆ ಕೈ ಬರಲಿಲ್ಲ. ತಟ್ಟಿದ್ದರೂ ಆಕೆಗೆ ಕೇಳುತ್ತಿರಲಿಲ್ಲ. ಬಾಗಿಲು ತೆರೆದೇ ಇತ್ತು.

ಕೆವಿನ್ನನನ್ನು ಒಯ್ದಿದ್ದರು. ಡೋರಿಸ್ ಒಬ್ಬಳೇ ಅಡುಗೆಮನೆಯಲ್ಲಿ ಆಲೂಗಡ್ಡೆ ಬೇಯಿಸಿ, ಹಿಸುಕಿ, ಹಾಲು ಹಾಕಿ ತೆಳ್ಳಗೆ ಮಾಡುತ್ತಿದ್ದಳು. ನಾವು ಹೋದಾಗ ಅದನ್ನು ಒಂದು ಬಟ್ಟಲಿಗೆ ಹಾಕಿ, ಸಣ್ಣ ಚಮಚೆ ಇಟ್ಟು, ಮೈಲಾರಪ್ಪನ ಮುಂದಿಟ್ಟಳು. ಅವನು ತಲೆ ಎತ್ತಲಿಲ್ಲ. ಆಕೆ ಅಲ್ಲೇ ನಿಂತಳು. ಬಹಳ ಹೊತ್ತಿನ ಮೇಲೆ ಚಮಚೆ ಎತ್ತಿಕೊಂಡ.

ಆನಾ ನಮ್ಮ ಜೋಡಿ ಬಂದಿದ್ದಳು. ಆಕೆಯ ತುಟಿ ಡೋರಿಸ್‌ಗೆ ತಿಳಿಯುತ್ತಿತ್ತು. ನಮ್ಮಿಂದಲೇ ಕೆವಿನ್‌ನ ಹೆಸರು ಹೋಯಿತು ಎಂದು ಆನಾಳಿಂದ ಹೇಳಿಸಿದೆ.

"ಗೊತ್ತಿದೆ" ಎಂದಳು ಡೋರಿಸ್. ಕಿವಿಯಿಲ್ಲದವರ ಗಟ್ಟಿ, ಚಪ್ಪಟೆ ದನಿ. "ಆ ಮಿಲ್ಲು ನನ್ನ ಕಿವಿ ತೆಗೆದುಕೊಂಡಿತು. ಯಾರ ಹೆಸರು ಹೇಳಬೇಕು ಎಂದು ನನಗೆ ಆಗ ತಿಳಿಯಲಿಲ್ಲ. ಇವನಿಗೆ ತಿಳಿದಿತ್ತು, ಹೇಳಿದ" ಎಂದು ಮೈಲಾರಪ್ಪನನ್ನು ತೋರಿಸಿದಳು.

ಆಮೇಲೆ ಅವನು ಮತ್ತೆ ಊದಬಲ್ಲನೇ ಎಂದು ಕೇಳಿದಳು. ಆನಾ ನನ್ನನ್ನು ನೋಡಿದಳು. ನಾನು ಮೈಲಾರಪ್ಪನ ತುಟಿಯ ಹೊಲಿಗೆ ನೋಡಿದೆ. ಡೋರಿಸ್ ಬಟ್ಟಲು ಎತ್ತಿಕೊಂಡು ಹೋಗಿ ತೊಳೆಯತೊಡಗಿದಳು.

ಹೊರಡುವ ಬೆಳಿಗ್ಗೆ ಆಕೆ ಮನೆಯಲ್ಲಿರಲಿಲ್ಲ. ಮಗನನ್ನು ನೋಡಲು ಪೊಲೀಸ್ ಠಾಣೆಗೆ ಹೋಗಿದ್ದಳು. ಒಲೆಯ ಮೇಲೆ ಬೆಚ್ಚಗೆ ಗಂಜಿಯಂಥದೇನೋ ಇಟ್ಟು ಹೋಗಿದ್ದಳು.

ದೇವಿಕೊಪ್ಪ

ಹುಬ್ಬಳ್ಳಿಯ ಹಲ್ಲಿನ ಡಾಕ್ಟರು ಮೈಲಾರಪ್ಪನಿಗೆ ಕಟ್ಟಿದ ಹಲ್ಲು ಹಾಕಿದರು. ರೊಟ್ಟಿ ತಿನ್ನಲು ಬಂತು. ಸನಾದಿಯ ಓಲೆ ಮಾತ್ರ ತುಟಿಯಲ್ಲಿ ನಿಲ್ಲಲಿಲ್ಲ. ಹೊಲಿಗೆ ಹಾಕಿದ ಕಡೆ ತುಟಿ ಮರಗಟ್ಟಿತ್ತು, ಗಾಳಿ ಬದಿಯಿಂದ ಸೋರುತ್ತಿತ್ತು. ಒಂದು ಮದುವೆಯಲ್ಲಿ ಪ್ರಯತ್ನಿಸಿದ. ಬೀಗರ ಕಡೆಯ ಯಾರೋ ನಕ್ಕರು. ಅಂದಿನಿಂದ ಅವನು ಮೇಳಕ್ಕೆ ಬರಲಿಲ್ಲ. ಫಕ್ಕೀರಪ್ಪನಿಗೂ ಅವನಿಗೂ ಮಾತೂ ಉಳಿಯಲಿಲ್ಲ.

ಎರಡು ವರ್ಷದ ಮೇಲೆ ಆನಾ ಬಂದಳು. ನನ್ನನ್ನು ಕರೆದುಕೊಂಡು ತಂಬೂರಿಗೆ ಹೋದಳು. ಮೈಲಾರಪ್ಪ ಕುರಿ ಹಟ್ಟಿಯ ಬಾಜೂಕ ಕೂತಿದ್ದ. ಆಕೆ ಫೋಟೋಗಳನ್ನು ತೋರಿಸಿದಳು. ಮಿಲ್ಲಿಗೆ ಹೊಸ ಗಾಜು ಬಂದಿದೆ. ಒಳಗೆ ಮಕ್ಕಳು ಚಿತ್ರ ಬರೆಯುತ್ತಿದ್ದಾರೆ, ಚಹಾದಂಗಡಿ ತುಂಬಿದೆ. ಖರೇನೇ ಊರು ಅಷ್ಟಿಷ್ಟು ಎದ್ದಿತ್ತು. ಮುಂಬಾಗಿಲ ಒಳಗಿನ ದೊಡ್ಡ ಗೋಡೆಯ ಮೇಲೆ ಆಳೆತ್ತರದ ಚಿತ್ರ: ಸನಾದಿ ಊದುವ ಮೈಲಾರಪ್ಪ. ದೊಡ್ಡ ರಸ್ತೆಯಲ್ಲಿ ತೆಗೆದದ್ದು, ಗಲ್ಲ ಉಬ್ಬಿದೆ.

ಅವನು ಅದನ್ನು ನೋಡಿ ಮುಂದಿನದಕ್ಕೆ ಹೋದ. ಸಾಲಾಗಿ ನಿಂತ ಕಾರುಗಳು. "ಯವ್ವನ ಮನಿ ಎಲ್ಲೈತಿ ಇದರಾಗ?"

ಆನಾ ಒಂದು ಬಿಳಿ ಕಾರಿನ ಮೇಲೆ ಬೆರಳಿಟ್ಟಳು. "ಆಕಿ ತೀರಿಕೊಂಡಳ್ರಿ. ಗೋಪುರದ ಮನಿಗೆ ಹೋದ ಮೊದಲನೇ ಚಳಿಗಾಲದಾಗ."

ಮೈಲಾರಪ್ಪ ಫೋಟೋ ಕೆಳಗಿಟ್ಟ. "ಹುಡುಗ?"

"ಜೇಲಿನಿಂದ ಬಂದ. ಎಲ್ಲೂ ಕೆಲಸ ಸಿಗಲಿಲ್ಲ. ಕೇಂದ್ರದವರ ಕಡೆ ನಾನ ಹೇಳಿ ಕೆಲಸಕ್ಕ ಹಚ್ಚಿದೆ. ಬಾಗಿಲದಾಗ ಕೂಡತಾನ, ಬಂದವರಿಗೆ ತಿಕೀಟು ಕೊಡತಾನ."

"ಯಾವ ಬಾಗಲದಾಗ?"

ಆನಾ ಮೊದಲಿನ ಚಿತ್ರವನ್ನು ಮತ್ತೆ ತೆಗೆದಳು. ಆಳೆತ್ತರದ ಮೈಲಾರಪ್ಪನ ಎದುರಿಗೆ ಒಂದು ಮೇಜು, ಒಂದು ಕುರ್ಚಿ. ಕುರ್ಚಿ ಆಗ ಖಾಲಿ ಇತ್ತು.

ಮೈಲಾರಪ್ಪ ಆ ಕುರ್ಚಿಯನ್ನು ನೋಡಿದ. ತುಟಿಯ ಗಾಯದ ಮೇಲೆ ಹೆಬ್ಬೆರಳು ಆಡಿಸಿದ. "ದಿನಾ ನನ್ನ ಮಾರಿ ನೋಡತಾನೇನು?" ಎಂದು ಕೇಳಿದ.

"ದಿನಾ ನೋಡತಾನ್ರಿ."

"ಆ ಪಟ ತಗೀರಿ ಅಂತ ಹೇಳು ಅವರಿಗೆ" ಎಂದ. "ಹುಡುಗ ದುಡಕೊಂಡು ತಿನ್ಲಿ."

ಅಷ್ಟು ಹೇಳಿ ಎದ್ದು, ಹಟ್ಟಿಯ ಬೇಲಿ ತೆಗೆದು, ಕುರಿಗಳನ್ನು ಬಯಲಿಗೆ ಹೊಡೆದುಕೊಂಡು ಹೋದ.